ಎದುರು ದಿಕ್ಕಿನ ಸ್ಪೆಷಲ್

“ಮಮ್ಮಿ, ಪಪ್ಪಾ ಬರ್ತಾನಂತೆ!”

ವಿಂಧ್ಯಾ ತಾರಸಿಯಿಂದ ಒಣಗಿದ ಬಟ್ಟೆಯ ಹೊರೆ ಹೊತ್ತು ಇಳಿದು ಬರುವಷ್ಟರಲ್ಲಿ ತನ್ವಿ ಬಾಗಿಲಲ್ಲಿ ಕುಣಿಯುತ್ತಿದ್ದಳು. ಕೈಯಲ್ಲಿ ಮನೆಯ ಹಳೆಯ ಮೊಬೈಲು. ಅಡುಗೆಮನೆಯಲ್ಲಿ ಮಿಕ್ಸರ್ ಗರಗರ ಎನ್ನುತ್ತಿತ್ತು. ಶೇಂಗಾ ಪುಡಿ ಮಾಡುತ್ತಿದ್ದ ಅತ್ತೆ ಗೌರಮ್ಮನಿಗೆ ಫೋನು ಬಂದದ್ದೂ ತಿಳಿದಿರಲಿಲ್ಲ, ಮೊಮ್ಮಗಳು ಮಾತಾಡಿ ಮುಗಿಸಿದ್ದೂ ತಿಳಿದಿರಲಿಲ್ಲ.

“ಯಾರು, ಪಪ್ಪಾನೇ ಮಾತಾಡಿದ್ರಾ? ಏನಂದ್ರು?”

“‘ಮಮ್ಮಿಗೆ ಹೇಳು, ಬರ್ತೇನಿ ಅಂತ’ ಬೋಲಾ. ಫಿರ್ ಕಟ್ ಹೋ ಗಯಾ.”

ಬಟ್ಟೆ ಮಂಚದ ಮೇಲೆ ಬಿದ್ದವು. ಕರೆ ಬಂದ ನಂಬರು ಗಂಡ ಅನಿಲನದಲ್ಲ, ಯಾರದೋ. ತಿರುಗಿ ಹಚ್ಚಿದರೆ ಸ್ವಿಚ್ ಆಫ್. ಅನಿಲನದಕ್ಕೆ ಹಚ್ಚಿದಳು, ಅದೂ ಸ್ವಿಚ್ ಆಫ್. ರೈಲು ಹತ್ತಿದವನ ಫೋನಿನ ಚಾರ್ಜು ಮುಗಿದರೂ ಸ್ವಿಚ್ ಆಫ್ ಎಂದೇ ಹೇಳುತ್ತದೆ. ಮೇಲಿನವರು ಎಲ್ಲರ ಫೋನು ಕಸಿದಿಟ್ಟುಕೊಂಡರೂ ಹಾಗೇ ಹೇಳುತ್ತದೆ.

ಅನಿಲ್ ಸೈನ್ಯದ ಸ್ಯಾಪರ್ ಪಡೆಯಲ್ಲಿ ಹವಾಲ್ದಾರ. ಗಡಿಯಲ್ಲಿ ಬಿಸಿ ಏರಿದ ಆ ವಾರಗಳಲ್ಲಿ ಅವನ ತುಕಡಿಯನ್ನು ಕಚ್ಛದ ಉಪ್ಪು ಜವುಳು ನೆಲಕ್ಕೆ ಕಳಿಸಿದ್ದರು, ನೆಲಬಾಂಬು ಹೂಳಲು. ಆಮೇಲೆ ಎರಡೂ ಕಡೆಯ ದೊಡ್ಡ ಅಧಿಕಾರಿಗಳು ಫೋನಿನಲ್ಲಿ ಮಾತಾಡಿದರು. ಗುಂಡು ನಿಂತಿತು. ಮತ್ತೂ ಮಾತಾಡಿ, ಹೆಚ್ಚಿಗೆ ತಂದ ದಂಡು ಅವರವರ ಠಾಣೆಗೆ ಹಿಂತಿರುಗಬೇಕೆಂದು ಒಪ್ಪಿದರು. ಅನಿಲ್ ಪುಣೆಗೆ ವಾಪಸು ಬಂದಿದ್ದ. ರಜೆ ಪಾಸಾಗಿದೆ, ವಡೋದರೆಗೆ ಬರುವುದೊಂದೇ ಬಾಕಿ ಎಂದು ಹೋದ ವಾರ ಹೇಳಿದ್ದ.

ಮಿಕ್ಸರ್ ನಿಂತಿತು. ಗೌರಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ವಿಷಯ ಕೇಳಿ, ಮೊಮ್ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

“ಸರಿಯಾಗಿ ನೆನಸ್ಕೊಂಡ ಹೇಳಬೇ ಬಂಗಾರಿ. ಬರೇ ‘ಬರ್ತೇನಿ’ ಅಂದನೋ, ‘ಬರ್ತೇನಿ ಹಂಗಾರ’ ಅಂದನೋ?”

ತನ್ವಿ ಯೋಚಿಸಿದಳು. ಶಾಲೆಯಲ್ಲಿ ಹಿಂದಿ, ಕೆಳಗೆ ಆಡುವಾಗ ಗುಜರಾತಿ. ಕನ್ನಡ ಅವಳಿಗೆ ಅಜ್ಜಿಯ ಜೊತೆಗಿನ ಭಾಷೆ, ಉಣ್ಣು ತಿನ್ನು ಮಲಗು ಎನ್ನುವಷ್ಟರದು.

“ಹಾಂ.”

“ಯಾವುದು ಹಾಂ?”

“ದೋನೋ.”

“ಎರಡೂ ಅಂದ್ರ ಹೆಂಗಬೇ! ಅದು ಬ್ಯಾರೆ, ಇದು ಬ್ಯಾರೆ.”

“ಅಜ್ಜೀ, ಬರ್ತೇನಿ ಅಂದ್ರೆ ಆತಾ ಹೂಂ. ಮುಝೆ ಮಾಲೂಮ್ ಹೈ,” ಎಂದು ತನ್ವಿ ಸೊಂಟಕ್ಕೆ ಕೈಯಿಟ್ಟಳು. ಅಜ್ಜಿಗೆ ಕನ್ನಡ ಕಲಿಸುವವಳ ಗತ್ತು.

ಆ ಮನೆತನದಲ್ಲಿ ಯಾರೂ ‘ಹೋಗ್ತೇನಿ’ ಅಂದವರಲ್ಲ. ಗದಗಿನ ಸಂತೆಗೆ ಹೊರಟವನೂ ಬರ್ತೇನಿ, ದಂಡಿಗೆ ಹೊರಟವನೂ ಬರ್ತೇನಿ. ಹೊಸ್ತಿಲ ಹತ್ತಿರ ನಿಂತಾಗ ಆ ಮಾತಿಗೆ ಸಂಶಯವಿರುವುದಿಲ್ಲ. ಚಪ್ಪಲಿ ಯಾವ ಕಡೆಗೆ ತಿರುಗಿದೆ ಎಂದು ನೋಡಿದರೆ ಸಾಕು. ಫೋನಿನಲ್ಲಿ ಚಪ್ಪಲಿ ಕಾಣುವುದಿಲ್ಲ.

“ರಜೆ ಅಂದ್ರಾ? ರಜೆ ಅನ್ನೂ ಮಾತು ಬಂತಾ?” ವಿಂಧ್ಯಾ ಕೇಳಿದಳು.

ತನ್ವಿ ಅವ್ವನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. “ಹಾಂ. ‘ರಜಾ ಮೇ ಬರ್ತೇನಿ’ ಬೋಲಾ.”

ಮೊದಲು ಹೇಳಿದಾಗ ಈ ರಜೆ ಇರಲಿಲ್ಲ. ಇನ್ನೊಮ್ಮೆ ಕೇಳಿದರೆ ಟಿಕೆಟ್ಟೂ ಬರುತ್ತದೆ, ತಂದೆ ತರುವ ಗೊಂಬೆಯೂ ಬರುತ್ತದೆ ಎಂದು ವಿಂಧ್ಯಾಳಿಗೆ ಗೊತ್ತಾಯಿತು. ಅದಕ್ಕೇ ಮತ್ತೆ ಕೇಳಲಿಲ್ಲ. ಬಂದ ಉತ್ತರ ಬೇಕಾದ ಉತ್ತರವಾಗಿತ್ತು.

ಗೌರಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. “ರಜಾ ಪಾಸಾಗೇತಿ ಅಂದಿದ್ನಲ್ಲ. ಬರಾಕತ್ತಾನ, ಮತ್ತೇನ? ಹೋಳಿಗಿ ಮಾಡ್ತೇನಿ. ನೀ ಡೂಟಿಗೆ ಹೋಗು, ಹೊತ್ತಾತು.” ಆದರೆ ಅವಳು ಬೆಲ್ಲದ ಡಬ್ಬಿ ತೆಗೆಯಲಿಲ್ಲ. ಜೋಳದ ಹಿಟ್ಟಿನ ಡಬ್ಬಿ ತೆಗೆದು ರೊಟ್ಟಿಗೆ ನೀರಿಟ್ಟಳು. ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ.

ಪ್ರತಾಪನಗರದ ರೈಲ್ವೆ ಕಂಟ್ರೋಲ್ ಆಫೀಸು ಕ್ವಾರ್ಟರ್ಸಿನಿಂದ ನಡೆದು ಹೋಗುವಷ್ಟು ಹತ್ತಿರ. ಮೊಬೈಲನ್ನು ಹೊರಗಿನ ಕಪಾಟಿನಲ್ಲಿಟ್ಟು, ಎಸಿಯ ತಂಪಿಗೆ ಒಳಬಂದು, ಹೆಡ್‌ಫೋನು ಹಾಕಿಕೊಂಡರೆ ವಡೋದರೆಯಿಂದ ಅಹಮದಾಬಾದಿನ ಅಂಚಿನ ಗೇರತ್‌ಪುರದವರೆಗೆ ಓಡುವ ಪ್ರತಿಯೊಂದು ಗಾಡಿಯೂ ಅವಳದು. ಯಾವುದು ಮುಂದೆ ಹೋಗಬೇಕು, ಯಾವುದು ಬದಿಯ ಹಳಿಯಲ್ಲಿ ನಿಂತು ದಾರಿ ಬಿಡಬೇಕು ಎಂದು ಅವಳು ಹೇಳಬೇಕು, ಸ್ಟೇಷನ್ ಮಾಸ್ತರರು ಮಾಡಬೇಕು. ಪರದೆಯ ಮೇಲೆ ಗಾಡಿಗಳೆಲ್ಲ ಓರೆ ಗೆರೆಗಳು. ಗೆರೆ ಮೇಲಕ್ಕೆ ಓಡಿದರೆ ಅಹಮದಾಬಾದಿನ ಕಡೆಗೆ, ಅಲ್ಲಿಂದಾಚೆ ಕಚ್ಛ. ಕೆಳಕ್ಕೆ ಇಳಿದರೆ ಸೂರತ್, ಮುಂಬಯಿ.

ಬಿಸಿ ಏರಿದ್ದಾಗ ದಂಡು ಸಾಗಿಸುವ ಮಿಲಿಟರಿ ಸ್ಪೆಷಲ್ ಗಾಡಿಗಳ ಗೆರೆಗಳೆಲ್ಲ ಮೇಲಕ್ಕೆ. ಪ್ಯಾಸೆಂಜರ್ ಗಾಡಿಗಳು ಗಂಟೆಗಟ್ಟಲೆ ನಿಂತು ಜನ ಬಯ್ಯುತ್ತಿದ್ದರು. ಈಗ ಅವೇ ಗೆರೆಗಳು ಕೆಳಮುಖ. ತೆರೆದ ವ್ಯಾಗನ್‌ಗಳ ಮೇಲೆ ಟ್ಯಾಂಕುಗಳು, ಫಿರಂಗಿಗಳು ಹಿಂತಿರುಗಿ ಹೋಗುತ್ತಿದ್ದವು. ಮಿಕ್ಕಿದ್ದನ್ನು ತುಂಬಿ ತರಲು ಖಾಲಿ ವ್ಯಾಗನ್‌ಗಳು ಮಾತ್ರ ಕಚ್ಛಕ್ಕೆ ಹೋಗುತ್ತಿದ್ದವು, ಅವುಗಳ ಮೇಲೆ ತಾಡಪತ್ರಿ ಹೊದಿಸಬಾರದೆಂದು ಮೇಲಿನಿಂದ ಹುಕುಮು ಬಂದಿತ್ತು.

“ಯಾಕೆ ಗೊತ್ತಾ ವಿಂಧ್ಯಾಬೆನ್?” ಡೆಪ್ಯೂಟಿ ಕಂಟ್ರೋಲರ್ ಪಂಡ್ಯಾ ಹುಕುಮು ಬಂದ ದಿನವೇ ವಿವರಿಸಿದ್ದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಬಾಯಲ್ಲಿ ಸದಾ ಸೋಂಪು. “ಆಕಾಶದಿಂದ ಗಡಿಯಾಚೆಯವರು ನಮ್ಮ ಗಾಡಿ ನೋಡ್ತಾರೆ, ನಾವು ಅವರದ್ದು ನೋಡ್ತೀವಿ. ಗಡಿ ಕಡೆಗೆ ಹೋಗೋ ಗಾಡಿ ಮುಚ್ಚಿದ್ರೆ ಅವರೇನು ತಿಳ್ಕೋಬೇಕು? ಖಾಲಿ ಹೋಗೋದನ್ನ ಖಾಲಿ ಅಂತ ತೋರಿಸ್ಕೊಂಡೇ ಹೋಗಬೇಕು. ಮೀಸೆ ಬಿಟ್ಟವರೆಲ್ಲ ಸೇರಿ ಮಾಡಿದ ಶಾಂತಿ ಇದು. ಒಂದು ತಾಡಪತ್ರಿ ಹೆಚ್ಚಾದ್ರೆ ಹರಿದುಹೋಗುತ್ತೆ.”

ಈ ದಿನ ಅವರು ಅವಳ ಮುಖ ನೋಡಿ, “ಏನು, ಇವತ್ತು ದೀಪಾವಳಿಯೋ?” ಎಂದರು.

“ಮನೆಯವರು ಬರ್ತಾರೆ ಸರ್. ಮಗಳ ಹತ್ತಿರ ಫೋನಿನಲ್ಲಿ ಹೇಳಿದ್ರಂತೆ.”

“ಮಗಳ ಕನ್ನಡ ನಂಬಬೇಡಿ. ಮೊನ್ನೆ ನನ್ನ ಹತ್ತಿರ ಪಕ್ಕಾ ಚರೋತರ ಸೀಮೆಯ ಗುಜರಾತಿ ಹೊಡೆದಳು.” ಪಂಡ್ಯಾ ನಕ್ಕರು. “ಏನಂದನಂತೆ?”

ವಿಂಧ್ಯಾ ಹೇಳಿದಳು. ಬರ್ತೇನಿ ಅಂದರೆ ಬರುತ್ತೇನೆ ಎಂದು. ನಮ್ಮಲ್ಲಿ ಹೋಗುವಾಗಲೂ ಹಾಗೇ ಅನ್ನುವುದು ಎಂದೂ ಹೇಳಿದಳು. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂತು.

“ಅರೆ, ನಮ್ಮ ‘ಆವಜೋ’ ಆಯ್ತಲ್ಲ! ಹೋಗುವವನಿಗೆ ನಾವು ಬಾ ಅಂತೀವಿ. ಸ್ಮಶಾನಕ್ಕೆ...” ಪಂಡ್ಯಾ ಮಾತು ನುಂಗಿದರು. ಸೋಂಪಿನ ಡಬ್ಬಿ ಅವಳತ್ತ ಚಾಚಿ, “ರಜೆ ಪಾಸಾಗಿದೆ ಅಂದಿದ್ರಲ್ಲ. ಬರ್ತಾನೆ, ಬರ್ತಾನೆ,” ಎಂದು ತಮ್ಮ ಮೇಜಿಗೆ ಹೋದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೂರತ್ ಕಡೆಯಿಂದ ಒಂದು ಚಿಕ್ಕ ಮಿಲಿಟರಿ ಸ್ಪೆಷಲ್ ಬಂದು ವಡೋದರಾ ಸ್ಟೇಷನ್ನಿನ ಕೊನೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿತು. ಮುಂದಿನ ಪಯಣ ಮೇಲಕ್ಕೆ, ಕಚ್ಛದ ಭುಜ್ ಕಡೆಗೆ. ಮತ್ತೊಂದು ಖಾಲಿ ಗಾಡಿ ಎಂದೇ ಅವಳು ಮೊದಲು ತಿಳಿದದ್ದು. ಹೆಡ್‌ಫೋನಿನಲ್ಲಿ ವಡೋದರೆಯ ಸ್ಟೇಷನ್ ಮಾಸ್ತರ್ ವಾಸುದೇವಭಾಯಿಯ ದನಿ ಬಂತು.

“ಕಂಟ್ರೋಲ್, ಸ್ಪೆಷಲ್ ಬಂದಿದೆ. ಡ್ರೈವರ್ ಬದಲಾಗಬೇಕು. ಆಮೇಲೆ ನೀರು ಕೇಳ್ತಿದ್ದಾರೆ.”

“ಗಾಡಿಯ ಡಬ್ಬಿಗಳಿಗೆ ನೀರು ಸೂರತ್ತಿನಲ್ಲೇ ತುಂಬಿಸಿಲ್ವಾ?”

“ಡಬ್ಬಿಗಲ್ಲ ಮೇಡಂ, ನಾಯಿಗಳಿಗೆ. ಒಂದು ಡಬ್ಬಿ ತುಂಬ ನಾಯಿ! ನನ್ನ ಪಾಯಿಂಟ್ಸ್‌ಮನ್ ಬಕೆಟ್ ದೂರದಲ್ಲೇ ಇಟ್ಟು ಓಡಿ ಬಂದ. ಒಂದೂ ಬೊಗಳೋದಿಲ್ಲ, ಅದೇ ಭಯ ಅಂತಾನೆ.”

ವಿಂಧ್ಯಾಳ ಕೈ ಮೌಸಿನ ಮೇಲೆ ನಿಂತಿತು.

ಅವು ಬೊಗಳುವುದಿಲ್ಲ. ಬೊಗಳದಂತೆ ಕಲಿಸಿರುತ್ತಾರೆ. ನೆಲಬಾಂಬು ಮೂಸಿ, ಸಿಕ್ಕಿದ ಕಡೆ ಸುಮ್ಮನೆ ಕೂತುಬಿಡುತ್ತವೆ ಎಂದು ಅನಿಲ್ ಹೇಳಿದ್ದ, ಹೋದ ಸಲ ಬಂದಾಗ, ಇದೇ ತನ್ವಿಗೆ ನಾಯಿಯ ಹಾಗೆ ಕೂತು ತೋರಿಸುತ್ತ. ಕಚ್ಛದಿಂದ ಪುಣೆಗೆ ವಾಪಸಾದ ಮೇಲೆ ಫೋನಿನಲ್ಲಿ ಅವಳೊಬ್ಬಳಿಗೇ ಹೇಳಿದ್ದು ಬೇರೆ. “ಹೂಳಾಕ ಒಂದ ಹಗಲು ಸಾಕು ವಿಂಧ್ಯಾ. ತೆಗಿಯೂದ ಕಠಿಣ. ಜವುಳು ನೆಲ, ಇಟ್ಟಲ್ಲೆ ಇರೂದಿಲ್ಲ. ಮಳಿ ಬಿತ್ತಂದ್ರ ನಡದ ಬಿಡ್ತಾವ.” ಆ ಬಾಂಬುಗಳು ಜೀವ ತೆಗೆಯಲು ಮಾಡಿದವಲ್ಲ ಎಂದೂ ಹೇಳಿದ್ದ. ಕಾಲು ತೆಗೆಯಲು. ಸತ್ತವನನ್ನು ಅಲ್ಲೇ ಬಿಟ್ಟು ಹೋಗಬಹುದು. ಕಾಲು ಹೋದವನನ್ನು ಹೊರಲು ಇಬ್ಬರು ಬೇಕು. ಲೆಕ್ಕ ಅಷ್ಟೇ.

ಅಧಿಕಾರಿಗಳು ಫೋನಿನಲ್ಲಿ ಒಪ್ಪಿದ್ದು ಎಲ್ಲರ ವಾಪಸಾತಿ. ಮಣ್ಣಿನೊಳಗೆ ಇಟ್ಟು ಬಂದದ್ದೂ ವಾಪಸಾಗಬೇಕಲ್ಲ. ದಂಡೆಲ್ಲ ಹಿಂದಕ್ಕೆ ಬಂದ ಮೇಲೆ ಇಟ್ಟವರು ಮತ್ತೆ ಮುಂದಕ್ಕೆ ಹೋಗಬೇಕು. ಮಳೆ ದಕ್ಷಿಣ ಗುಜರಾತಿಗೆ ಆಗಲೇ ಬಂದಿತ್ತು.

“ಕಂಟ್ರೋಲ್? ಕೇಳಿಸ್ತಾ?”

“ಸ್ಪೆಷಲ್ ನಿಲ್ಲಲಿ,” ಎಂದಳು ವಿಂಧ್ಯಾ. “ಹಿಂದಿನ ಕಂಟೇನರ್ ಗಾಡಿಯನ್ನ ಮೊದಲು ಬಿಡಿ.”

“ಕಂಟೇನರಾ? ಇದು ಮಿಲಿಟರಿ ಮೇಡಂ.”

“ನಾಯಿಗಳು ನೀರು ಕುಡೀಲಿ.”

ಪಂಡ್ಯಾ ತಲೆ ಎತ್ತಿ ನೋಡಿದರು. ಮತ್ತೆ ತಮ್ಮ ಕಾಗದಗಳತ್ತ ಬಾಗಿದರು.

ಪಕ್ಕದ ಮೇಜಿನ ಮೇಲೆ ರೈಲ್ವೆ ಫೋನಿತ್ತು. ಕ್ವಾರ್ಟರ್ಸಿನಲ್ಲಿ ಅದರ ಇನ್ನೊಂದು ತುದಿ ಇತ್ತು, ರಾತ್ರಿ ಅಪಘಾತವಾದರೆ ಕರೆಯಲೆಂದು ಹಾಕಿಸಿದ್ದು. ಮಿಲಿಟರಿ ಗಾಡಿ ಎಲ್ಲಿದೆ, ಎತ್ತ ಹೋಗುತ್ತದೆ ಎಂದು ಮನೆಯ ಗೋಡೆಗೂ ಹೇಳಬಾರದು. ಅದನ್ನು ಓದಿಸಿ ಸಹಿ ಹಾಕಿಸಿದ್ದರು. ಆ ವಾರಗಳಲ್ಲಿ ಗಂಡ ಹೋದ ಗಾಡಿಗೂ ಅವಳೇ ದಾರಿ ಕೊಟ್ಟಿರಬಹುದು. ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ, ಗೊತ್ತಿರಬಾರದು. ಈ ಗಾಡಿಯಲ್ಲೂ ಅವನಿದ್ದಾನೆ ಎಂದು ಯಾರು ಹೇಳಿದರು? ಪುಣೆಯಲ್ಲಿ ಅವನಂಥವರು ನೂರಾರು. ಅವನು ಇಷ್ಟು ಹೊತ್ತಿಗೆ ಯಾವುದೋ ಎಕ್ಸ್‌ಪ್ರೆಸ್ಸಿನ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತು ಸೂರತ್ತಿನ ಸೇತುವೆ ದಾಟುತ್ತಿರಬಹುದು.

ಫೋನೆತ್ತಿದಳು.

“ಅತ್ತೀ, ತನ್ವಿನ ಕರ್ಕೊಂಡು ರಿಕ್ಷಾ ಹಿಡದು ಟೇಸನ್ನಿಗೆ ಹೋಗ್ರಿ. ಕಡೀ ಪ್ಲಾಟ್‌ಫಾರ್ಮು. ಯಾಕಂತ ಕೇಳಬ್ಯಾಡ್ರಿ.”



“ರೊಟ್ಟಿ ಕಟ್ಟಿಕೊಂಡ ಹೋಗ್ಲೇನು?” ಗೌರಮ್ಮ ಕೇಳಿದಳು.

“ಹೂಂ.”

“ಆತು.” ಆಮೇಲೆ ಬಾಯಿ ಫೋನಿನಿಂದ ದೂರ ಮಾಡಿ ಅವಳು ಕೂಗಿದ್ದು ಕೇಳಿಸಿತು: “ಬಾರಬೇ, ಚಪ್ಪಲಿ ಹಾಕ್ಕೋ. ನಿಮ್ಮಪ್ಪನ್ನ ನೋಡೂಣಂತ.” ಅದರ ಹಿಂದೆ ಇಡೀ ಮನೆ ಹಾರಿಹೋಗುವ ಹಾಗೆ ತನ್ವಿಯ ಕಿರುಚು: “ಪಪ್ಪಾ ಆ ಗಯಾ! ಪಪ್ಪಾ ಆ ಗಯಾ!”

ಕಂಟೇನರ್ ಗಾಡಿ ಹೊರಟಿತು. ಅದರ ಬೆನ್ನಿಗೆ ಒಂದು ಎಕ್ಸ್‌ಪ್ರೆಸ್ಸನ್ನೂ ಬಿಟ್ಟಳು. ಅಹಮದಾಬಾದಿನ ಕಂಟ್ರೋಲರ್ ಎರಡು ಸಲ ಕೇಳಿದ, “ನಿಮ್ಮ ಸ್ಪೆಷಲ್ ಎಲ್ಲಿ ಬೆನ್? ನಾನು ಮುಂದೆ ದಾರಿ ಖಾಲಿ ಇಟ್ಕೊಂಡು ಕೂತಿದ್ದೀನಿ.” ಬರುತ್ತೆ, ಬರುತ್ತೆ ಅಂದಳು. ಕಣ್ಣು ಪರದೆಯ ಮೇಲೆ. ವಡೋದರೆಯ ಹತ್ತಿರ ಒಂದು ಗೆರೆ ಮುಂದೆ ಹೋಗದೆ ಅಡ್ಡಡ್ಡ ಬೆಳೆಯುತ್ತಿತ್ತು. ಅವಳ ಇಡೀ ಸಂಸಾರ ಆ ಅಡ್ಡ ಗೆರೆಯಲ್ಲಿದೆಯೋ, ಅಥವಾ ಮುದುಕಿಯೂ ಮಗುವೂ ಯಾರದೋ ಗಾಡಿಯ ಮುಂದೆ ಗಂಟು ಹಿಡಿದು ನಿಂತಿದ್ದಾರೆಯೋ ತಿಳಿಯುವಂತಿರಲಿಲ್ಲ. ಅವರು ನಿಂತು ನಿಂತು, ಯಾರೂ ಇಲ್ಲವೆಂದು ಬಯ್ದುಕೊಂಡು ಮನೆಗೆ ಹೋಗಲಿ ಎಂದು ಅವಳು ಬೇಡಿಕೊಂಡಳು.

ಕೊನೆಗೆ ಪಂಡ್ಯಾ ಎದ್ದು ಬಂದು ಕುರ್ಚಿಯ ಹಿಂದೆ ನಿಂತರು. “ವಿಂಧ್ಯಾಬೆನ್. ಇನ್ನು ಬಿಡಿ. ಮೇಲಿನಿಂದ ಕೇಳಿದ್ರೆ ನಾನೇನು ಹೇಳಲಿ?”

ಅವಳು ಗುಂಡಿ ಒತ್ತಿದಳು. “ವಡೋದರಾ, ಸ್ಪೆಷಲ್ ಬಿಡಿ.”

“ಕಂಟ್ರೋಲ್, ಬಿಡೋಕಾಗ್ತಿಲ್ಲ.” ವಾಸುದೇವಭಾಯಿಯ ದನಿ ಮೆತ್ತಗಾಗಿತ್ತು. “ಸಿಗ್ನಲ್ ಕೊಟ್ಟಾಯ್ತು. ಒಂದು ಸಣ್ಣ ಹುಡುಗಿ ನಾಯಿ ಡಬ್ಬಿ ಹತ್ತಿಬಿಟ್ಟಿದ್ದಾಳೆ. ಒಬ್ಬ ಹವಾಲ್ದಾರನ ಸೊಂಟ ಹಿಡ್ಕೊಂಡು ಇಳೀತಿಲ್ಲ. ನೀನು ಬಂದಾಯ್ತು, ನಡಿ ಮನೆಗೆ ಅಂತಾಳೆ. ಬರ್ತೀನಿ ಅಂತ ಫೋನ್ ಮಾಡಿದ್ದನಂತೆ. ಸುಳ್ಳುಗಾರ, ಸುಳ್ಳುಗಾರ ಅಂತ ಹೊಡೀತಿದ್ದಾಳೆ. ಜೊತೆಗೊಬ್ಬ ಅಜ್ಜಿ. ಅವನಿಗೂ ಕೈ ಬಿಡಿಸಿಕೊಳ್ಳೋಕೆ ಆಗ್ತಿಲ್ಲ, ಅವನ ಸಾಹೇಬ ಮುಖ ತಿರುಗಿಸಿ ನಿಂತಿದ್ದಾನೆ. ಇಲ್ಲಿಗೆ ಹೇಗೆ ಬಂದರೋ ಗೊತ್ತಿಲ್ಲ. ಏನು ಮಾಡಲಿ ಮೇಡಂ?”

ಕೋಣೆಯ ತುಂಬ ಬೇರೆ ಬೇರೆ ಮೇಜುಗಳ ಮಾತು. ಗೋಧ್ರಾ ಕಡೆಯ ಗೂಡ್ಸು, ಭರೂಚಿನ ಲೆವೆಲ್ ಕ್ರಾಸಿಂಗು, ಯಾರೋ ಚಹಾ ತರಿಸುತ್ತಿದ್ದರು. ವಿಂಧ್ಯಾ ಮೈಕಿನ ಹತ್ತಿರ ಬಾಗಿದಳು.

“ಇಳಿಸ್ರಿ,” ಎಂದಳು.

“ಶೂಂ?”

ತಾನು ಕನ್ನಡದಲ್ಲಿ ಹೇಳಿದ್ದು ಆಗ ತಿಳಿಯಿತು. “ಉತಾರ್ ಲೋ,” ಎಂದಳು. “ಹುಡುಗಿಯನ್ನ ಕೆಳಗಿಳಿಸಿ. ಗಾಡಿ ಬಿಡಿ.”

“ಅಳ್ತಾಳೆ ಮೇಡಂ.”

“ಅಳಲಿ.”

ಗುಂಡಿಯಿಂದ ಬೆರಳು ತೆಗೆಯುವ ಮುಂಚೆ ಆ ಕಡೆಯ ಗದ್ದಲ ಒಂದಿಷ್ಟು ಬಂತು. ಇಂಜಿನ್ನಿನ ಸೀಟಿ, ಅದರ ಒಳಗೆಲ್ಲೋ ಚೂಪಾದ ಒಂದು ದನಿ. ನಾಯಿಗಳ ಸದ್ದಿರಲಿಲ್ಲ.

ಅಡ್ಡ ಗೆರೆ ಬಾಗಿ ಮೇಲಕ್ಕೆ ತಿರುಗಿತು. ತಡಕ್ಕೆ ಕಾರಣ ಬರೆಯುವ ಜಾಗದಲ್ಲಿ ಅವಳು ‘ನಾಯಿಗಳಿಗೆ ನೀರು’ ಎಂದು ಟೈಪು ಮಾಡಿದಳು. ವಾಸದ್ ಸೇತುವೆ ದಾಟಿತು, ಆಣಂದ್ ದಾಟಿತು. ಈಗ ಅದನ್ನು ಎಲ್ಲೂ ನಿಲ್ಲಿಸಲಿಲ್ಲ. ಎಲ್ಲ ಗಾಡಿಗಳನ್ನೂ ಬದಿಗೆ ಸರಿಸಿ ದಾರಿ ಕೊಟ್ಟಳು, ಬೇಗ ಹೋದರೆ ಮಳೆಗಿಂತ ಮುಂಚೆ ಮುಟ್ಟೀತು ಎಂಬಂತೆ. ಗೇರತ್‌ಪುರದಲ್ಲಿ ಅಹಮದಾಬಾದಿನವನು, “ಹಾಂ ಬೆನ್, ಸಿಕ್ಕಿತು, ನನ್ನದು,” ಎಂದ. ಗೆರೆ ಅವಳ ಪರದೆಯ ಅಂಚಿಗೆ ಹೋಗಿ ಮುಗಿಯಿತು.

ಪಾಳಿ ಮುಗಿಸಿ ಹೊರಬಂದಾಗ ಇನ್ನೂ ಬೆಳಕಿತ್ತು. ಗೇಟಿನ ಪಕ್ಕ, ಸ್ಕೂಟರುಗಳು ನಿಲ್ಲುವ ತಗಡಿನ ಚಪ್ಪರದ ಕೆಳಗೆ, ಗೌರಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಮನೆಗೆ ಹೋಗಿರಲಿಲ್ಲ. ತೊಡೆಯ ಮೇಲೆ ತನ್ವಿ ಬಾಯಿ ತೆರೆದು ನಿದ್ದೆ ಹೋಗಿದ್ದಳು, ಕೆನ್ನೆಯ ಮೇಲೆ ಕಣ್ಣೀರು ಧೂಳಿನ ಜೊತೆ ಒಣಗಿ ಗೆರೆಯಾಗಿತ್ತು. ವಿಂಧ್ಯಾ ಹತ್ತಿರ ಬಂದು ನಿಂತಳು.

“ರೊಟ್ಟಿ ಅವನ ಮಂದಿಗೂ ಸಾಲ್ತಾವ,” ಎಂದಳು ಗೌರಮ್ಮ. “ಚಟ್ನಿ ಸ್ವಲ್ಪ ಕಡಿಮಿ ಆತು.”

“ಸೊರಗ್ಯಾರೇನು?”

“ಇಲ್ಲ. ಕರ್ರಗಾಗ್ಯಾನ, ಅಷ್ಟ.” ಗೌರಮ್ಮ ಮೊಮ್ಮಗಳ ಕೂದಲು ಸರಿಸಿದಳು. “ನಾಯಿ ಭಾಳ ಚಂದ ಅದಾವ. ಇಕಿ ಕೈ ನೆಕ್ಕಿತು ಒಂದು. ಆಮ್ಯಾಲೆ ಯಾರೋ ಟೇಸನ್ ಮಾಸ್ತರ್ ಬಂದ. ಪಾಪ, ಅವ ಏನ ಮಾಡ್ತಾನ, ಮ್ಯಾಲಿನವರ ಮಾತು. ಎತ್ತಿ ಇಳಿಸಿದ. ಎಳೆದಾಟದಾಗ...”

ಮಗುವಿನ ಕಾಲಿನತ್ತ ನೋಡಿದಳು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿತ್ತು. “ಗಾಡಿಗೂ ಕಟ್ಟೆಗೂ ನಡುವ ಬಿತ್ತು. ಗಾಡಿ ಹ್ವಾದ ಮ್ಯಾಲೆ ತಗೊಂಡ್ರಾತು ಅಂದ್ರ, ಇಕಿ ಅಲ್ಲಿ ನಿಲ್ಲವಲ್ಲಳು.”

ವಿಂಧ್ಯಾ ಕೆಳಗೆ ಕೂತಳು. ಬರಿಗಾಲಿನ ಅಂಗಾಲು ಪ್ಲಾಟ್‌ಫಾರ್ಮಿನ ಮಸಿ ಹತ್ತಿ ಕಪ್ಪಾಗಿತ್ತು, ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣ ಹರಳು ಅಂಟಿಕೊಂಡಿತ್ತು. ಅವಳು ಹರಳನ್ನು ಉಗುರಿನಿಂದ ಬಿಡಿಸಿದಳು. ಆಮೇಲೆ ಓಢಣಿಯ ಅಂಚಿನಿಂದ ಅಂಗಾಲನ್ನು ಒರೆಸತೊಡಗಿದಳು, ಒಂದೊಂದೇ ಬೆರಳು ಬಿಡಿಸಿ, ಮೆಲ್ಲಗೆ. ನಿದ್ದೆಯಲ್ಲೇ ತನ್ವಿ ಕಾಲನ್ನು ಎಳೆದುಕೊಂಡು ಹೊಟ್ಟೆಯೊಳಗೆ ಮಡಚಿಕೊಂಡಳು.